ಉತ್ತರದ ನಿರೀಕ್ಷೆಯಲ್ಲಿ, ಕಾಲಿಂಗ್ ಬೆಲ್ ಕಂಪನಿ

ಜುಲೈ 1, ಸೋಮವಾರ

ಇಂದು ಬೆಳಿಗ್ಗೆ ನಾನು ಕುರ್ಚಿಯ ಮೇಲೆ ಕೂತೆ. ಇದನ್ನು ಬರೆದಿಡಲೆಂದೇ ಈ ಡೈರಿ ಕೊಂಡಿದ್ದೇನೆ. ಕುರ್ಚಿಗೆ ಬೆನ್ನಿದೆ, ಕೈಗಳಿವೆ, ಕೆಳಗೆ ಚಕ್ರಗಳಿವೆ. ಇಷ್ಟು ವರ್ಷ ಕಂಪನಿ ನನಗೆ ಕೊಟ್ಟದ್ದು ಒಂದು ಸ್ಟೂಲು. ಅದಕ್ಕೆ ಕಾಲು ಬಿಟ್ಟರೆ ಬೇರೆ ಅಂಗಗಳಿರಲಿಲ್ಲ.

ನಮ್ಮದು ಕಾಲಿಂಗ್ ಬೆಲ್ ಮಾಡುವ ಕಂಪನಿ. ಹದಿನೆಂಟು ವರ್ಷ ನಾನು ತಪಾಸಣೆಯ ಮೇಜಿನಲ್ಲಿದ್ದೆ. ಬೆಲ್ ಬರುತ್ತದೆ, ಒತ್ತಬೇಕು. ಟಿಂಗ್‌ಟಾಂಗ್ ಅಂದರೆ ಡಬ್ಬಿಗೆ, ಅನ್ನದಿದ್ದರೆ ಬುಟ್ಟಿಗೆ. ಇದರ ಫಲವಾಗಿ ನನ್ನ ಕಿವಿಯೊಳಗೆ ಒಂದು ಬೆಲ್ ಕಾಯಮ್ಮಾಗಿ ಮನೆ ಮಾಡಿಕೊಂಡಿದೆ. ಊಟದ ನಡುವೆ ಎದ್ದು ಹೋಗಿ ಬಾಗಿಲು ತೆಗೆಯುತ್ತೇನೆ, ಹೊರಗೆ ಯಾರೂ ಇರುವುದಿಲ್ಲ. ಯಾರು ಬಂದಿದ್ದರು ಎಂದು ಕೇಳುವುದನ್ನು ಹೆಂಡತಿ ಯಾವಾಗಲೋ ಬಿಟ್ಟಿದ್ದಾಳೆ. ಕಿವಿಯ ಡಾಕ್ಟರು ಚೀಟಿಯಲ್ಲಿ 'ನಿಶ್ಶಬ್ದ' ಎಂದು ಬರೆದುಕೊಟ್ಟರು. ಔಷಧದ ಅಂಗಡಿಯವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ಟಾಕ್ ಇಲ್ಲ ಎಂದ.

ಹಾಗಾಗಿ ನನ್ನನ್ನು ದೂರು ವಿಭಾಗಕ್ಕೆ ಹಾಕಿದ್ದಾರೆ. ಗಿರಾಕಿಗಳು ದೂರನ್ನು ಮೇಲ್‌ನಲ್ಲಿ ಬರೆಯುತ್ತಾರೆ, ನಾನು ಮೇಲ್‌ನಲ್ಲೇ ಉತ್ತರಿಸಬೇಕು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮ್ಯಾನೇಜರು ಮೇಡಂ ಷರತ್ತು ಹೇಳಿದರು. ಸೆಪ್ಟೆಂಬರ್ ಮುಗಿಯುವವರೆಗೆ ನನ್ನ ಪರೀಕ್ಷೆ. ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಮುಗಿಯದ ದೂರುಗಳೆಲ್ಲ ಇರುತ್ತವೆ. ಕೊನೆಯ ದಿನ ಹಲಗೆ ಖಾಲಿಯಿದ್ದರೆ ಕುರ್ಚಿ ನನ್ನದು. ಒಂದೇ ಒಂದು ದೂರು ಉಳಿದರೂ ಮತ್ತೆ ಸ್ಟೂಲು, ಮತ್ತೆ ಟಿಂಗ್‌ಟಾಂಗ್. ಗಿರಾಕಿಯ ಕಡೆಯಿಂದ ಹತ್ತು ದಿನ ಸದ್ದು ಬರದಿದ್ದರೆ ಕಂಪ್ಯೂಟರ್ ತಾನೇ ದೂರನ್ನು ಮುಗಿಸಿಬಿಡುತ್ತದೆ. ಅವರು ಒಂದು ಸಾಲು ಬರೆದರೂ ಲೆಕ್ಕ ಮೊದಲಿನಿಂದ.

"ಒಟ್ಟಿನಲ್ಲಿ ಅವರು ಬಾಯಿ ಮುಚ್ಚಬೇಕು," ಎಂದರು ಮೇಡಂ. "ಆದ್ರೆ ಮುಚ್ಚಿ ಅಂತ ನಾವು ಅನ್ನಬಾರದು."

ಜುಲೈ 2, ಮಂಗಳವಾರ

ಕುರ್ಚಿಯ ಜೊತೆಗೆ ಇಂಗ್ಲಿಷ್ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಉತ್ತರಗಳೆಲ್ಲ ಇಂಗ್ಲಿಷಿನಲ್ಲೇ ಹೋಗಬೇಕಂತೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಉತ್ತರದ ಕೊನೆಗೂ ಒಂದು ಸಾಲು ಇರಲೇಬೇಕು: 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.' ಎಂದರೆ, ನಿಮ್ಮ ಉತ್ತರವನ್ನು ಎದುರು ನೋಡುತ್ತಿದ್ದೇವೆ. ಮೇಡಂ ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆದ ತರಬೇತಿಯಿಂದ ಈ ಸಾಲನ್ನು ತಂದಿದ್ದಾರೆ. ಅಲ್ಲಿಂದ ಒಂದು ಚೀಲ ಮತ್ತು ಒಂದು ಪೆನ್ನನ್ನೂ ತಂದಿದ್ದರಂತೆ. ಉಳಿದದ್ದು ಈ ಸಾಲು ಮಾತ್ರ.

ನಾನು ಸಾಲಿನಲ್ಲಿ ಒಂದೆರಡು ಪದ ಉಳಿತಾಯ ಮಾಡಿ ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಕಳಿಸಿದರು. ಸಂಜೆ ಮಗಳ ಮುಂದೆ ಕೂತೆ. ಅವಳು ಶಾಲೆಯ ಕೊನೆಯ ವರ್ಷದಲ್ಲಿದ್ದಾಳೆ, ಅಪ್ಪನ ವಿಷಯದಲ್ಲಿ ಕರುಣೆ ಕಡಿಮೆ.

"ಅಪ್ಪ, ಬರೀ ಲುಕ್ ಫಾರ್ವರ್ಡ್ ಅಂತ ನಿಲ್ಲಿಸಿದ್ರೆ ಅದು ಬಸ್ ಡ್ರೈವರ್‌ಗೆ ಹೇಳೋ ಮಾತು. ಟು ಹಾಕು. ಆಮೇಲೆ ಹಿಯರ್ ಅಲ್ಲ, ಹಿಯರಿಂಗ್."

ಊಟ ಮಾಡುವುದನ್ನು ಎದುರು ನೋಡುತ್ತಿದ್ದೇನೆ, ಮಲಗುವುದನ್ನು ಎದುರು ನೋಡುತ್ತಿದ್ದೇನೆ ಎಂದು ಹತ್ತಾರು ಸಲ ಬರೆಸಿದಳು. ಎರಡೂ ನಿಜವಾಗಿದ್ದರಿಂದ ಬೇಗ ಬಾಯಿಪಾಠವಾಯಿತು. ಹೆಂಡತಿ ಬಟ್ಟೆ ಮಡಚುತ್ತ, ಗಿರಾಕಿಗಳ ಉತ್ತರವನ್ನು ನೀವು ನಿಜವಾಗಿಯೂ ಎದುರು ನೋಡುತ್ತೀರಾ ಎಂದು ಕೇಳಿದಳು. ಛೆ, ಅವರು ಬರೆಯದಿದ್ದರೇ ನನಗೆ ಕುರ್ಚಿ ಎಂದೆ. ಮತ್ತೆ ಬರೀರಿ ಅಂತ ಯಾಕೆ ಕೇಳುತ್ತೀರಿ ಎಂದಳು. ನಾಳೆ ಮೇಡಂ ಅವರನ್ನು ವಿಚಾರಿಸಬೇಕು.

ಜುಲೈ 3, ಬುಧವಾರ

ವಿಚಾರಿಸಿದೆ. "ಅದು ಸೌಜನ್ಯ ಕಣ್ರೀ," ಎಂದರು ಮೇಡಂ. "ಅದನ್ನ ಯಾರೂ ಓದಲ್ಲ."

ಜುಲೈ 11, ಗುರುವಾರ

ಮೇಡಂ ಮಾತು ನಿಜ. ವಾರವಿಡೀ ಊರಿಗೆಲ್ಲ ನಿಮ್ಮ ಉತ್ತರವನ್ನು ಎದುರು ನೋಡುತ್ತಿದ್ದೇವೆಂದು ಬರೆದೆ, ಒಬ್ಬರೂ ತಿರುಗಿ ನೋಡಲಿಲ್ಲ. ಹಲಗೆಯ ಮೇಲಿನ ದೂರುಗಳು ಒಂದೊಂದಾಗಿ ಅಳಿಯುತ್ತಿವೆ.

ಇವತ್ತು ಹೊಸದೊಂದು ಬಂದಿದೆ. ಬರೆದವರು ಹಲ್ಲಿನ ಡಾಕ್ಟರು. ಎರಡನೇ ಮಹಡಿಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದಾರೆ. ನಮ್ಮ ಬೆಲ್ ಹಾಕಿಸಿ ಮೂರು ವಾರವಾಯಿತಂತೆ, ಈವರೆಗೆ ಒಂದು ಸಲವೂ ಸದ್ದು ಮಾಡಿಲ್ಲವಂತೆ, ಇದರಿಂದ ತಮ್ಮ ವೃತ್ತಿಗೆ ಧಕ್ಕೆಯಾಗುತ್ತಿದೆಯಂತೆ. ನಾನು ಕೂಡಲೇ ಮೆಕ್ಯಾನಿಕ್‌ನನ್ನು ಕಳಿಸಿದೆ. ನಮ್ಮ ಮೆಕ್ಯಾನಿಕ್ ಬೆಲ್‌ಗಿಂತ ಕಡಿಮೆ ಮಾತಾಡುವ ಮನುಷ್ಯ. ಹೋಗಿ ಬಂದು ಟೀ ಕುಡಿದು ವರದಿ ಕೊಟ್ಟ. ಅವನು ಒತ್ತಿದ ತಕ್ಷಣ ಬೆಲ್ ಹೊಡೆಯಿತು. ಬಿಳಿ ಕೋಟು ಹಾಕಿದ ಡಾಕ್ಟರು ಓಡೋಡಿ ಬಂದು, ಬನ್ನಿ ಬನ್ನಿ ಎಂದು ಕೈ ಹಿಡಿದು ಒಳಗೆ ಕರೆದೊಯ್ದು ಹಲ್ಲಿನ ಕುರ್ಚಿಯಲ್ಲಿ ಕೂರಿಸಿದರು. ತಾನು ಮೆಕ್ಯಾನಿಕ್ ಎಂದಾಗ ಅವರ ಮುಖ ಇಷ್ಟೇ ಇಷ್ಟಾಯಿತು. ನೀನು ಬಂದಾಗ ಹೊಡೆಯುತ್ತದೆ, ನೀನು ಹೋದ ಮೇಲೆ ಹೊಡೆಯುವುದಿಲ್ಲ, ಇದೇ ಇದರ ಕಾಯಿಲೆ ಎಂದರಂತೆ.

"ಹಾಗಾದ್ರೆ ಎಲ್ಲಿ ಕೆಟ್ಟಿದೆ?" ಎಂದೆ.

"ಬೆಲ್ ಎಲ್ಲೂ ಕೆಟ್ಟಿಲ್ಲ ಸಾರ್. ಒತ್ತೋರಿಲ್ಲ."

ಜುಲೈ 12, ಶುಕ್ರವಾರ

ನಿಮ್ಮ ಬಾಗಿಲಿಗೆ ಯಾರೂ ಬರುತ್ತಿಲ್ಲ ಎಂಬುದನ್ನು ಒಬ್ಬ ವಿದ್ಯಾವಂತರಿಗೆ ಗೌರವದಿಂದ ತಿಳಿಸುವುದು ಹೇಗೆ? ಕನ್ನಡದಲ್ಲೇ ಕಷ್ಟ. ಇಂಗ್ಲಿಷಿನಲ್ಲಿ ನಾನು ಬರೆದದ್ದು ಕನ್ನಡದಲ್ಲಿ ಹೇಳುವುದಾದರೆ 'ಬೆಲ್ ಒಳ್ಳೆಯದು, ಜನ ಸರಿಯಿಲ್ಲ' ಎಂದಾಗುತ್ತಿತ್ತು. ಮಗಳು ಅದನ್ನು ಹೊಡೆದುಹಾಕಿದಳು. ಕೊನೆಗೆ, ನಿಮ್ಮ ಬೆಲ್ ಆರೋಗ್ಯವಾಗಿದೆ ಎಂದಷ್ಟೇ ಬರೆದು, ಕೆಳಗೆ ನಮ್ಮ ಸಾಲನ್ನು ಒಂದಕ್ಷರ ತಪ್ಪದೆ ಹಾಕಿದೆ. ಮೇಡಂ ಕೆಂಪು ಪೆನ್ನನ್ನು ತೆರೆಯಲೇ ಇಲ್ಲ.

ಜುಲೈ 13, ಶನಿವಾರ

ಉತ್ತರ ಬಂದಿದೆ. ಡಾಕ್ಟರು ಬರೆಯುತ್ತಾರೆ: 'ನನ್ನ ಉತ್ತರವನ್ನು ಎದುರು ನೋಡುತ್ತಿರುವುದಾಗಿ ತಿಳಿಸಿದ್ದೀರಿ. ಯಾರನ್ನೇ ಆಗಲಿ ಕಾಯಿಸುವುದು ನನಗೆ ಹಿಡಿಸದು. ಆದ್ದರಿಂದ ಕೂಡಲೇ ಬರೆಯುತ್ತಿದ್ದೇನೆ. ಬೆಲ್ ಈಗಲೂ ಹೊಡೆಯುತ್ತಿಲ್ಲ.'

ಇಡೀ ಪಟ್ಟಣದಲ್ಲಿ ಆ ಸಾಲನ್ನು ಓದುವ ಒಬ್ಬ ಮನುಷ್ಯನಿದ್ದ. ಅವನು ನನ್ನ ಪಾಲಿಗೆ ಬಂದ.

ಜುಲೈ 26, ಶುಕ್ರವಾರ

ಹಲಗೆಯ ಮೇಲೆ ಹಲ್ಲಿನ ಡಾಕ್ಟರು ಕಲ್ಲಿನಂತೆ ಕೂತಿದ್ದಾರೆ. ನಾನು ಬರೆಯುತ್ತೇನೆ, ಅವರು ಉತ್ತರಿಸುತ್ತಾರೆ, ಹತ್ತು ದಿನದ ಲೆಕ್ಕ ಮತ್ತೆ ಮೊದಲಿನಿಂದ. ಒಮ್ಮೆ ಕಳ್ಳತನದಿಂದ ಕೊನೆಯ ಸಾಲನ್ನು ಬಿಟ್ಟು ಕಳಿಸಲು ನೋಡಿದೆ. ಮೇಡಂ ವಾಪಸು ಕಳಿಸಿ, ಸೌಜನ್ಯವಿಲ್ಲದ ಕಂಪನಿ ಉಳಿಯುವುದಿಲ್ಲ ಎಂದು ನಿಂತ ಮೆಟ್ಟಿಗೆ ಭಾಷಣ ಮಾಡಿದರು.

ಇನ್ನೊಂದು ಅನಾಹುತವೂ ಆಗಿದೆ. ಡಾಕ್ಟರು ನನ್ನಿಂದಲೇ ಕಲಿತು ತಮ್ಮ ಮೇಲ್‌ಗಳ ಕೊನೆಗೂ ಅದೇ ಸಾಲು ಹಾಕತೊಡಗಿದ್ದಾರೆ. ಈಗ ಅವರು ನನ್ನ ಉತ್ತರವನ್ನು ಎದುರು ನೋಡುತ್ತಾರೆ, ನಾನು ಅವರದನ್ನು. ಒಂದೇ ಬಾಗಿಲಲ್ಲಿ ಎದುರಾಬದುರು ನಿಂತು, ನೀವು ಮೊದಲು, ಇಲ್ಲ ನೀವು ಮೊದಲು ಎನ್ನುವ ಇಬ್ಬರು ಸಭ್ಯರಂತೆ ಸಿಕ್ಕಿಬಿದ್ದಿದ್ದೇವೆ.

ನಿನ್ನೆ ಅವರು ತಾವೇ ಪರೀಕ್ಷೆ ಮಾಡಿದರಂತೆ. ಹೊರಗೆ ನಿಂತು ಬೆಲ್ ಒತ್ತಿ, ಕೇಳಿಸಿಕೊಳ್ಳಲು ಒಳಗೆ ಓಡಿದರು. ಒಳಗೆ ಮುಟ್ಟುವಷ್ಟರಲ್ಲಿ ಸದ್ದು ನಿಂತಿತ್ತು. ಮತ್ತೆ ಒತ್ತಿದರು, ಮತ್ತೆ ಓಡಿದರು. ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕಿವಿಗೊಡಿ, ಬಾಗಿಲಾಚೆಯೂ ಕೇಳಿಸುತ್ತದೆ ಎಂದು ನಾನು ತಾಂತ್ರಿಕ ಸಲಹೆ ಕೊಟ್ಟೆ. ಇವತ್ತಿನ ಉತ್ತರ: 'ಕೇಳಿಸಿತು. ಬಹಳ ಮಧುರವಾಗಿತ್ತು. ಆದರೆ ಬಂದವನು ನಾನೇ ಆದ್ದರಿಂದ ಇದನ್ನು ಲೆಕ್ಕಕ್ಕೆ ಹಿಡಿಯಲಾಗದು.'

ಇಂಥದಕ್ಕೆಲ್ಲ ಉತ್ತರ ಬರೆಯುವುದು ಎಂಥ ತಲೆನೋವು. ಒಂದು ಡಿಕ್ಷನರಿ ಕೊಂಡೆ.

ಆಗಸ್ಟ್ 7, ಬುಧವಾರ

ಆಫೀಸಿಗೆ ಈಗ ಒಂದು ಬಸ್ಸು ಮುಂಚೆ ಹೋಗುತ್ತೇನೆ. ಬಸ್ಸು ಖಾಲಿಯಿರುತ್ತದೆ ಎಂಬ ಕಾರಣಕ್ಕೆ ಮಾತ್ರ. ಮುಂಚೆ ಹೋದ ಮೇಲೆ ಸುಮ್ಮನೆ ಕೂರುವುದೇಕೆಂದು ಮೇಲ್ ತೆರೆಯುತ್ತೇನೆ.

ಮೆಕ್ಯಾನಿಕ್‌ನನ್ನು ಮತ್ತೆ ಡಾಕ್ಟರ ಬಳಿಗೆ ಕಳಿಸಿದ್ದೆ. ಈ ಸಲ ಅವನು ಹಲ್ಲು ಬೆಳ್ಳಗೆ ಮಾಡಿಸಿಕೊಂಡು ಬಂದು, ಕಾರಿಡಾರಿನಲ್ಲಿ ನಗುತ್ತ ಅಡ್ಡಾಡಿದ. ಅವನ ಹಲ್ಲನ್ನು ನಾವ್ಯಾರೂ ಈವರೆಗೆ ನೋಡಿರಲಿಲ್ಲ. ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಕುರ್ಚಿಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆಯಂತೆ. ಗೋಡೆಗೊರಗಿ ಒಂದು ದೊಡ್ಡ ಪ್ಲಾಸ್ಟರ್ ಹಲ್ಲು ನಿಂತಿದೆ, ಡಾಕ್ಟರು ದಿನಾ ಅದನ್ನು ಒರೆಸುತ್ತಾರೆ.

ಅವನ ಹಲ್ಲು ತಿಕ್ಕುತ್ತ ಡಾಕ್ಟರು ತಮ್ಮ ಕಥೆ ಹೇಳಿಕೊಂಡರಂತೆ, ಮೆಕ್ಯಾನಿಕ್ ಅದನ್ನು ನನಗೆ ಒಂದೇ ಉಸಿರಿಗೆ ದಾಟಿಸಿದ. ಇಪ್ಪತ್ತು ವರ್ಷ ಅವರು ತಮ್ಮ ಅಣ್ಣನ ಕ್ಲಿನಿಕ್ಕಿನಲ್ಲಿದ್ದರು. ಅಣ್ಣ ಹಲ್ಲು ಕೀಳುತ್ತಿದ್ದ, ಇವರು ಹತ್ತಿ ಇಡುತ್ತಿದ್ದರು. ಇವರಿಗೂ ಕೀಳಲು ಬರುತ್ತದೆ, ಕೀಳಬೇಕಿಲ್ಲದ ಹಲ್ಲನ್ನು ಉಳಿಸಲೂ ಬರುತ್ತದೆ, ಆದರೆ ಅಣ್ಣ ಬಿಡುತ್ತಿರಲಿಲ್ಲ. ಕೊನೆಗೊಂದು ದಿನ ಹತ್ತಿಯ ಉಂಡೆಯನ್ನು ಮೇಜಿನ ಮೇಲಿಟ್ಟು ಹೊರಟುಬಂದರು. ಸೆಪ್ಟೆಂಬರ್‌ನೊಳಗೆ ಕ್ಲಿನಿಕ್ ಕಾಲೂರದಿದ್ದರೆ ಮತ್ತೆ ಅಣ್ಣನ ಹತ್ತಿರ, ಮತ್ತೆ ಹತ್ತಿ. ಬೆಲ್ ಕೆಟ್ಟಿದೆ ಎಂದರೆ ಜನ ಬಂದು ಹಿಂದಿರುಗುತ್ತಿದ್ದಾರೆ ಎಂದುಕೊಳ್ಳಬಹುದು. ಬೆಲ್ ಸರಿಯಿದೆ ಎಂದರೆ ಏನೆಂದುಕೊಳ್ಳುವುದು?

ಅವರ ಹತ್ತಿಯೂ ನನ್ನ ಸ್ಟೂಲೂ ಒಂದೇ ತಾರೀಖಿಗೆ ಕಾದು ಕೂತಿವೆ. ಇದು ಭಾವನೆಯ ಮಾತಲ್ಲ, ಲೆಕ್ಕಾಚಾರದ ಮಾತು. ಯಾರಾದರೂ ಹೋಗಿ ಆ ಬೆಲ್ ಒತ್ತದೆ ನನ್ನ ಹಲಗೆ ಖಾಲಿಯಾಗುವುದಿಲ್ಲ. ದೂರು ಮುಗಿಯದ ಗಿರಾಕಿಯ ಹತ್ತಿರ ಮೆಕ್ಯಾನಿಕ್ ಬಿಟ್ಟು ನಮ್ಮ ವಿಭಾಗದವರು ಯಾರೂ ಹೋಗಬಾರದೆಂದು ಮೇಡಂ ಕಾನೂನು ಮಾಡಿದ್ದಾರೆ. ಹೋದವರು ಕರಗಿ ಹೊಸ ಬೆಲ್ ಕೊಟ್ಟುಬಿಡುತ್ತಾರಂತೆ. ಬೇರೆ ಯಾರಿದ್ದಾರೆ ಎಂದು ಯೋಚಿಸುತ್ತ ಊಟಕ್ಕೆ ಕೂತೆ. ಎದುರಿಗೆ ಅತ್ತೆಯವರು ಕೂತು ರೊಟ್ಟಿಯನ್ನು ನೀರಿನಲ್ಲಿ ನೆನೆಸುತ್ತಿದ್ದರು.

ಆಗಸ್ಟ್ 10, ಶನಿವಾರ

ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಆರು ವರ್ಷದಿಂದ ನಮ್ಮ ಜೊತೆಗಿದ್ದಾರೆ. ಹಲ್ಲಿನ ಸೆಟ್ ಸಡಿಲ. ಮಾತಾಡಿದರೆ ಸೆಟ್ ಒಂದು ಮಾತು, ಅವರು ಒಂದು ಮಾತು. ಹಾಗಾಗಿ ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಾರೆ. ಊರಿನ ಹಲ್ಲಿನ ಡಾಕ್ಟರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದು ಬಿಟ್ಟವರು. ಹೊಸಬರೊಬ್ಬರು ಬಂದಿದ್ದಾರೆ, ಅವರನ್ನಿನ್ನೂ ನೀವು ಬೈದಿಲ್ಲ ಎಂದೆ. ತಕ್ಷಣ ಚಪ್ಪಲಿ ಮೆಟ್ಟಿದರು.

ಜೊತೆಗೆ ಹೋಗಿದ್ದ ಹೆಂಡತಿಯ ವರದಿ: ಅತ್ತೆ ಬೆಲ್ ಮೇಲೆ ಬೆರಳಿಟ್ಟವರು ಬಾಗಿಲು ತೆರೆಯುವವರೆಗೂ ತೆಗೆಯಲಿಲ್ಲ. ಬಾಗಿಲು ತೆರೆದಾಗ ಡಾಕ್ಟರ ಕಣ್ಣಲ್ಲಿ ನೀರಿತ್ತು. ಅವರು ಅತ್ತೆಯ ಬಾಯಿಯೊಳಗೆ ನೋಡುವ ಮೊದಲು ಅತ್ತೆ ಹೇಳುವುದನ್ನು ಕೇಳಿದರು. ಸನ್ನೆಯ ಮಾತಾದ್ದರಿಂದ ಬಹಳ ಹೊತ್ತು ಹಿಡಿಯಿತು. ಬೇರೆ ಯಾರೂ ಕಾಯುತ್ತಿರಲಿಲ್ಲವಲ್ಲ, ಹಾಗಾಗಿ ಪೂರ್ತಿ ಕೇಳಿದರು. ಆಮೇಲೆ ಸೆಟ್ಟನ್ನು ಉಜ್ಜಿದರು, ಹಾಕಿ ನೋಡಿದರು, ತೆಗೆದರು, ಮತ್ತೆ ಉಜ್ಜಿದರು. ಸಂಜೆಯ ಹೊತ್ತಿಗೆ ಅದು ದವಡೆಗೆ ಹುಟ್ಟಿನಿಂದಲೇ ಬಂದದ್ದರಂತೆ ಕಚ್ಚಿ ಕೂತಿತು.

ಅತ್ತೆ ಮನೆಗೆ ಬಂದು ನನ್ನ ಮುಂದೆ ನಿಂತರು. "ಅಳಿಯಂದಿರೇ," ಎಂದರು, ಸ್ಪಷ್ಟವಾಗಿ. "ಆರು ವರ್ಷದಿಂದ ನಿಮಗೊಂದು ಮಾತು ಹೇಳಬೇಕು ಅಂತಿದ್ದೆ."

ಒಂದು ಮಾತಲ್ಲ. ಇದನ್ನು ಬರೆಯುವ ಹೊತ್ತಿಗೂ ಮುಗಿದಿಲ್ಲ.

ಆಗಸ್ಟ್ 12, ಸೋಮವಾರ

ಡಾಕ್ಟರ ಮೇಲ್: 'ಶನಿವಾರ ಬೆಲ್ ಹೊಡೆಯಿತು. ದೀರ್ಘವಾಗಿ ಹೊಡೆಯಿತು. ಆದರೆ ಒಂದೇ ಸಲವಾದ್ದರಿಂದ ರಿಪೇರಿಯಾಗಿದೆ ಎಂದು ಹೇಳಲು ಅವಸರಪಡಲಾರೆ.' ಸರಿಯಾದ ವೈಜ್ಞಾನಿಕ ಮನೋಭಾವ.

ಆಗಸ್ಟ್ 23, ಶುಕ್ರವಾರ

ಮನೆಯಲ್ಲಿ ನಿಶ್ಶಬ್ದ ಸ್ಟಾಕ್ ಇಲ್ಲ. ಅತ್ತೆಯವರಿಗೆ ಆರು ವರ್ಷದ ಮಾತು ಬಾಕಿಯಿತ್ತು. ನನ್ನ ನಡಿಗೆ, ನನ್ನ ಮೀಸೆ, ಎದ್ದೆದ್ದು ಹೋಗಿ ಬಾಗಿಲು ತೆರೆಯುತ್ತಿದ್ದ ನನ್ನ ಚಟ, ಮದುವೆಯ ದಿನ ನಾನು ಹಾಕಿದ್ದ ಶೂ, ಎಲ್ಲದರ ಮೇಲೂ ಟಿಪ್ಪಣಿಗಳಿವೆ. ಬೆಳಿಗ್ಗೆ ಪಾರ್ಕಿಗೆ ಹೋಗಿ ಅಲ್ಲಿ ನಡೆಯುವವರನ್ನೆಲ್ಲ ನಿಲ್ಲಿಸಿ ಡಾಕ್ಟರ ಗುಣಗಾನ ಮಾಡುತ್ತಾರೆ. ಬಸ್ ಸ್ಟಾಪಿನಲ್ಲಿ ಅಪರಿಚಿತರಿಗೆ ಬಾಯಿ ತೆರೆಯಲು ಹೇಳುತ್ತಾರೆ, ಆ ಧ್ವನಿಗೆ ಅವರು ತೆರೆಯುತ್ತಾರೆ. ಕರೆಂಟ್ ಮೀಟರ್ ನೋಡಲು ಬಂದವನು ಹೋಗುವಾಗ ಕ್ಲಿನಿಕ್ಕಿನ ವಿಳಾಸ ಬರೆದುಕೊಂಡು ಹೋದ.

ಡಾಕ್ಟರು ಈಗ ದಿನಕ್ಕೆರಡು ಸಲ ಬರೆಯುತ್ತಾರೆ. ಬೆಲ್ ಒತ್ತುವವರಲ್ಲಿ ಎಷ್ಟು ಬಗೆ ಎಂದು ಮೊನ್ನೆ ಒಂದು ಪ್ರಬಂಧವನ್ನೇ ಕಳಿಸಿದ್ದರು. ಕೆಟ್ಟ ಹಲ್ಲಿನವರು ಚಿಕ್ಕದಾಗಿ ಒತ್ತುತ್ತಾರೆ, ಬಾಗಿಲು ತೆರೆಯದಿದ್ದರೆ ಸಾಕೆಂಬ ಹಾಗೆ. ತುಂಬ ನೋವಿನವರು ಬಿಡದೆ ಒತ್ತುತ್ತಾರೆ. ಇದಕ್ಕೆ ನಾನು ನನ್ನ ಹದಿನೆಂಟು ವರ್ಷದ ಅನುಭವದಿಂದ ಎರಡು ಪುಟ ಸೇರಿಸಿ ಕಳಿಸಿದೆ. ಕೊನೆಯ ಸಾಲನ್ನು ಬರೆಯುವಾಗ ಈಗ ಬೆರಳು ತಾನೇ ಓಡುತ್ತದೆ. ಊಟದ ಹೊತ್ತು ಮೀರಿತ್ತೆಂದು ಮೆಕ್ಯಾನಿಕ್ ನೆನಪಿಸಿದ.

ಮೇಡಂ ಹಲಗೆ ನೋಡಿ, "ಏನ್ರೀ, ಇವರದಿನ್ನೂ ಮುಗೀಲಿಲ್ವಾ?" ಎಂದರು. ಕ್ಲಿಷ್ಟ ಪ್ರಕರಣ ಎಂದೆ.

ಸೆಪ್ಟೆಂಬರ್ 6, ಶುಕ್ರವಾರ

ಡಾಕ್ಟರ ಬರವಣಿಗೆಯ ಮಟ್ಟ ಕುಸಿದಿದೆ. ಮಾಮೂಲಿನ ಸಾಲು ಬಿಟ್ಟರೆ ಇಂದಿನ ಮೇಲ್ ಇಷ್ಟೇ: 'ಬೆಲ್ ಹೊಡೆಯಿತು. ಹೋಗಬೇಕು.' ಕೊನೆಯ ಸಾಲಿನಲ್ಲಿ 'ಟು' ಇರಲಿಲ್ಲ. ಬಸ್ ಡ್ರೈವರ್‌ಗೆ ಹೇಳಿದ ಹಾಗಾಯಿತು.

ಸೆಪ್ಟೆಂಬರ್ 12, ಗುರುವಾರ

ಆರು ದಿನದ ಮೇಲೆ ಎರಡು ಸಾಲು. ಕ್ಲಿನಿಕ್ಕಿನಲ್ಲಿ ಕೂರಲು ಜಾಗ ಸಾಲದೆ ಜನ ಮೆಟ್ಟಿಲ ಮೇಲೆ ಕೂರುತ್ತಾರಂತೆ. ಸಂತೋಷ. ಕೆಲವರಿಗೆ ರೋಗಿಗಳು ಬಂದ ಕೂಡಲೇ ಹಳಬರು ಮರೆತುಹೋಗುತ್ತಾರೆ, ಅದು ಲೋಕದ ರೀತಿ, ನನಗದರಲ್ಲಿ ಏನೂ ಇಲ್ಲ.

ಸೆಪ್ಟೆಂಬರ್ 19, ಗುರುವಾರ

'ಬೆಲ್ ಸರಿಯಾಗಿದೆ. ಧನ್ಯವಾದ.' ಕೊನೆಯ ಸಾಲೇ ಇಲ್ಲ.

ಮೇಡಂ ಅದನ್ನು ಓದಿ ಚಪ್ಪಾಳೆ ತಟ್ಟಿದರು. ಇನ್ನು ಅವರು ಹತ್ತು ದಿನ ಸುಮ್ಮನಿದ್ದರೆ ತಿಂಗಳ ಕೊನೆಗೆ ಹಲಗೆ ಖಾಲಿ, ಕುರ್ಚಿ ನನಗೆ. ಜುಲೈನಿಂದ ನಾನು ಬಯಸಿದ್ದು ಇದನ್ನೇ ಎಂದು ನನಗೆ ನಾನೇ ನೆನಪಿಸಿದೆ.

ಸೆಪ್ಟೆಂಬರ್ 23, ಸೋಮವಾರ

ಕೋಣೆ ತುಂಬ ನಿಶ್ಶಬ್ದವಾಗಿದೆ. ಫ್ಯಾನು ಕೂಡ ಮೊದಲಿನಷ್ಟು ಸದ್ದು ಮಾಡುತ್ತಿಲ್ಲ. ರಿಪೇರಿಗೆ ಹೇಳಬೇಕು.

ಸೆಪ್ಟೆಂಬರ್ 26, ಗುರುವಾರ

ಬೇರೇನೂ ಕೆಲಸವಿರಲಿಲ್ಲ. ಕೈ ಸುಮ್ಮನಿರದೆ ಡಾಕ್ಟರಿಗೆ ನಾಲ್ಕು ಸಾಲು ಬರೆದೆ. ಗುಂಡಿಯ ಸ್ಪ್ರಿಂಗಿಗೆ ಆಗಾಗ ಎಣ್ಣೆ ಬಿಡುತ್ತಿರಿ, ಪ್ಲಾಸ್ಟರ್ ಹಲ್ಲು ಕ್ಷೇಮವೇ, ಅಣ್ಣನವರು ಏನೆನ್ನುತ್ತಾರೆ ಎಂದು. ಗಿರಾಕಿ ಸೇವೆ. ಕೆಳಗೆ ಮಾಮೂಲಿನ ಸಾಲು. ನಾನು ಬರೆದರೆ ಹತ್ತು ದಿನದ ಲೆಕ್ಕ ಕೆಡುವುದಿಲ್ಲ, ಅವರು ಬರೆದರೆ ಮಾತ್ರ.

ಕಳಿಸಿದ ಮೇಲೆ ಹೊಳೆಯಿತು. ಕಾಯಿಸುವುದು ಹಿಡಿಸದ ಮನುಷ್ಯ ಅದು. ಅವರು ಖಂಡಿತ ಬರೆಯುತ್ತಾರೆ. ಬರೆದರೆ ನನ್ನ ಗತಿ ಸ್ಟೂಲು.

ಸಂಜೆ ಇದನ್ನು ಹೆಂಡತಿಗೆ ಹೇಳಿದೆ. ಯಾಕಾದರೂ ಬರೆದಿರಿ ಎಂದು ಕೇಳಿದಳು. ಸೌಜನ್ಯ ಎಂದೆ. ಅವಳು ಎದ್ದು ಟೀ ಮಾಡಿದಳು. ಅತ್ತೆಯವರು ಮಾತ್ರ ಸುಮ್ಮನಿರಲಿಲ್ಲ, ಅದನ್ನು ಬೇರೆಯಾಗಿ ಬರೆಯಬೇಕಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಉತ್ತರ ಬಂದಿಲ್ಲ. ಬಂದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ದಿನವಿಡೀ ಮೇಲ್ ತೆರೆದೆ. ಇಂಟರ್‌ನೆಟ್ ಕೆಟ್ಟಿದೆಯೋ ಏನೋ ಎಂದು ನನಗೆ ನಾನೇ ಒಂದು ಮೇಲ್ ಕಳಿಸಿ ನೋಡಿದೆ. ಬಂತು.

ಸೆಪ್ಟೆಂಬರ್ 30, ಸೋಮವಾರ

ಹಲಗೆ ಖಾಲಿ. ಡಾಕ್ಟರ ದೂರನ್ನು ಕಂಪ್ಯೂಟರ್ ರಜೆಯ ದಿನವೇ ಮುಗಿಸಿಬಿಟ್ಟಿತ್ತು. ಮೇಡಂ ಎಲ್ಲರನ್ನೂ ಕರೆದು ನನಗೆ ಚಾಕೊಲೇಟ್ ಕೊಟ್ಟರು. ಕುರ್ಚಿಯ ಬೆನ್ನಿಗೆ ನನ್ನ ಹೆಸರಿನ ಚೀಟಿ ಅಂಟಿಸಿದರು. ನಾನು ಕೂತೆ. ಚಕ್ರಗಳು ಚೆನ್ನಾಗಿವೆ.

ಚಾಕೊಲೇಟನ್ನು ಮಗಳಿಗೆ ಕೊಟ್ಟೆ. ಯಾಕಪ್ಪ ಹೀಗಿದ್ದೀಯ ಎಂದಳು. ಹೇಗಿದ್ದೇನೆ ಎಂದೆ.

ಅಕ್ಟೋಬರ್ 1, ಮಂಗಳವಾರ

ದೂರು ಮುಗಿದಿದೆ, ಆದ್ದರಿಂದ ಕಾನೂನು ಅಡ್ಡಬರುವುದಿಲ್ಲ. ಬೆಲ್‌ನ ಸ್ಥಿತಿಗತಿ ನೋಡಿಬರುವ ಉದ್ದೇಶದಿಂದ ಮಧ್ಯಾಹ್ನ ರಜೆ ಹಾಕಿ ಕ್ಲಿನಿಕ್ಕಿಗೆ ಹೋದೆ. ಮೆಟ್ಟಿಲ ತುಂಬ ಜನ, ಒಬ್ಬೊಬ್ಬರೂ ಒಂದೊಂದು ಕೆನ್ನೆ ಹಿಡಿದುಕೊಂಡಿದ್ದಾರೆ. ನಾನು ಏನನ್ನೂ ಹಿಡಿದುಕೊಳ್ಳದೆ ಹತ್ತುತ್ತಿದ್ದುದನ್ನು ಕಂಡು, ಸರದಿಯಲ್ಲಿ ಬನ್ನಿ ಎಂದು ಗದರಿದರು. ಒಂದು ಕೆನ್ನೆ ಹಿಡಿದುಕೊಂಡು ಕೂತೆ.

ಕೊನೆಗೂ ಬಾಗಿಲ ಮುಂದೆ ನಿಂತೆ. ಒತ್ತಬೇಕೆಂದು ಬೆರಳೆತ್ತಿದರೆ ಬೆಲ್ ಮೇಲೆ ಚೀಟಿ: 'ದಯವಿಟ್ಟು ಒತ್ತಬೇಡಿ. ಬಾಗಿಲು ತೆರೆದೇ ಇದೆ.'

ಒಳಗೆ ಹೋದವನನ್ನು ಡಾಕ್ಟರು ಮುಖ ಕೂಡ ನೋಡದೆ ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದರು. ದಪ್ಪ ಕನ್ನಡಕ, ಸಣ್ಣ ದೇಹ, ಬೆಚ್ಚಗಿನ ಕೈ. ಎಲ್ಲ ಕಡೆ ಕನ್ನಡಿ ಆಡಿಸಿ ನೋಡಿ, "ಒಂದೂ ಕೆಟ್ಟಿಲ್ವಲ್ಲ ಸಾರ್. ಮತ್ಯಾಕೆ ಬಂದ್ರಿ?" ಎಂದರು.

ಬಾಯಿಯಲ್ಲಿ ಕನ್ನಡಿ ಇಟ್ಟುಕೊಂಡು, ನಾನು ಬೆಲ್ ಕಂಪನಿಯವನು ಎಂದೆ. ಅವರಿಗೆ ಕೇಳಿಸಿದ್ದು ಆಂ ಊಂ ಎಂದಷ್ಟೆ. ಆದರೆ ಹಲ್ಲಿನ ಡಾಕ್ಟರುಗಳಿಗೆ ಆ ಭಾಷೆ ಬರುತ್ತದೆ. ಅವರ ಕೈ ನಿಂತಿತು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ, ಗಡಿಬಿಡಿಯಲ್ಲಿ ನನ್ನ ಬಾಯಿಗೆ ಹತ್ತಿ ಇಟ್ಟುಬಿಟ್ಟರು. ಎರಡೂ ಕಡೆ.

"ನಿಮ್ಮ ಮೆಕ್ಯಾನಿಕ್ ಎಲ್ಲ ಹೇಳಿದ," ಎಂದರು. "ನಾನು ಬರೆದ್ರೆ ನಿಮ್ಮ ಕುರ್ಚಿ ಹೋಗತ್ತಂತೆ. ಅದಕ್ಕೇ ಕೈ ಕಟ್ಕೊಂಡು ಕೂತಿದ್ದೆ. ಐದು ದಿನ ನಿಮ್ಮನ್ನ ಕಾಯಿಸಿದೀನಿ, ನನಗೆ ನಿದ್ದೆ ಇಲ್ಲ."

"ಆಂ," ಎಂದೆ.

ಬರೆದವುಗಳನ್ನು ಕಳಿಸದೆ ಹಾಗೇ ಇಟ್ಟುಕೊಂಡಿದ್ದಾರಂತೆ. ಕಳೆದ ತಿಂಗಳ ಆ ಒಣ ಸಾಲುಗಳೂ, ದೂರು ತಾನಾಗಿ ತಣ್ಣಗಾಗಲೆಂದು ಬೇಕೆಂದೇ ಹಾಕಿದವಂತೆ. ಒಂದೊಂದನ್ನು ಚಿಕ್ಕದು ಮಾಡಲು ಅರ್ಧ ಗಂಟೆ ಹಿಡಿಯುತ್ತಿತ್ತು, ಉದ್ದಕ್ಕೆ ಬರೆಯುವುದು ಸುಲಭ ಎಂದರು. ಅಣ್ಣ ಮೊನ್ನೆ ಬಂದು ಮೆಟ್ಟಿಲ ಮೇಲಿನ ಸಾಲನ್ನು ನೋಡಿ, ಹಾಗೇ ಇಳಿದುಹೋದನಂತೆ. ಆಮೇಲೆ ಡಾಕ್ಟರು ನನ್ನ ಅತ್ತೆಯ ಕ್ಷೇಮ ವಿಚಾರಿಸಿದರು. ಆಂ ಎಂದೆ. ಈಗಲೂ ಮಾತಾಡುತ್ತಿದ್ದಾರಾ ಎಂದರು. ನಾನು ಕಣ್ಣು ಮುಚ್ಚಿದೆ. ಅವರಿಗೆ ಅರ್ಥವಾಯಿತು, ಕ್ಷಮೆ ಕೇಳಿದರು.

ಹೊರಗೆ ಸರದಿಯವರು ಗೊಣಗತೊಡಗಿದ್ದರು. ಅವರು ಹತ್ತಿ ತೆಗೆಯುವ ಮೊದಲು ಬಗ್ಗಿ ಮೆಲ್ಲಗೆ, "ತಿಂಗಳು ಮುಗೀತಲ್ಲ. ನಾಳೆಯಿಂದ ಬರೀಬಹುದಾ?" ಎಂದು ಕೇಳಿದರು.

ಬಾಯಿ ಖಾಲಿಯಾದ ಮೇಲೆ ಆಗಲೆಂದು ತಲೆಯಾಡಿಸಿ ಮೆಟ್ಟಿಲಿಳಿದೆ. ಕೆನ್ನೆ ಹಿಡಿದುಕೊಳ್ಳುವುದನ್ನು ಮರೆತಿದ್ದೆ. ಕೂತಿದ್ದವರೊಬ್ಬರು, ನೋಡಿ, ಎಷ್ಟು ಬೇಗ ವಾಸಿಯಾಯ್ತು ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಅಕ್ಟೋಬರ್ 3, ಗುರುವಾರ

ಹಲಗೆಯ ಮೇಲೆ ಹೊಸ ದೂರು. ಒಬ್ಬ ಹಲ್ಲಿನ ಡಾಕ್ಟರು. ಬೆಳಿಗ್ಗೆ ಜನ ಚೀಟಿಯನ್ನು ಓದದೆ ಬೆಲ್ ಒತ್ತುತ್ತಲೇ ಇದ್ದಾರಂತೆ, ಅದು ನಿಲ್ಲುತ್ತಲೇ ಇಲ್ಲವಂತೆ, ವೃತ್ತಿಗೆ ತೀವ್ರ ಧಕ್ಕೆಯಾಗುತ್ತಿದೆಯಂತೆ. ಒಟ್ಟು ಐದು ಪುಟ, ನಾಲ್ಕೂವರೆ ಪುಟದಲ್ಲಿ ಬೆಲ್‌ನ ಪ್ರಸ್ತಾಪವೇ ಇಲ್ಲ.

ಇದು ಯಾವಾಗ ಮುಗಿಯುತ್ತದೆ ಎಂದು ಮೇಡಂ ಕೇಳಿದರು.

"ಗಂಭೀರವಾಗಿದೆ ಮೇಡಂ," ಎಂದೆ. "ವರ್ಷಗಟ್ಟಲೆ ಹಿಡೀಬಹುದು."

ಡೈರಿಗೆ ಇವತ್ತು ಇಷ್ಟೇ ಪುರುಸೊತ್ತು.